ಇನ್ಸಿಡೆಂಟ್ ರೀಡಿಂಗ್ ಅಂದ್ರೆ ಏನು?

ಫಿಲ್ಮ್ ಕ್ಯಾಮೆರಾ ಜೊತೆ ಕೈಯಲ್ಲಿ ಹಿಡಿಯೋ ಲೈಟ್ ಮೀಟರ್ (ಬೆಳಕನ್ನ ಅಳೆದು ಕ್ಯಾಮೆರಾ ಸೆಟ್ಟಿಂಗ್ ಹೇಳೋ ಸಾಧನ) ಬಳಸೋರು "ಇನ್ಸಿಡೆಂಟ್ ತಗೊಂಡೆ" ಅಂತಿರ್ತಾರೆ. ವಸ್ತುವಿನ ಮೇಲೆ ಎಷ್ಟು ಬೆಳಕು ಬೀಳ್ತಿದೆ ಅಂತ ಆ ವಸ್ತು ಇರೋ ಜಾಗದಲ್ಲೇ ನಿಂತು ಅಳೆಯೋದು, ಅಷ್ಟೇ. ಕ್ಯಾಮೆರಾ ಒಳಗಿನ ಮೀಟರ್ ಅಳೆಯೋದು ವಸ್ತುವಿಗೆ ಬಡಿದು ವಾಪಸ್ ಬರೋ ಬೆಳಕನ್ನ, ಅದು ರಿಫ್ಲೆಕ್ಟೆಡ್ ರೀಡಿಂಗ್.

ಈ ವ್ಯತ್ಯಾಸ ಚಿಕ್ಕದಲ್ಲ. ರಿಫ್ಲೆಕ್ಟೆಡ್ ಮೀಟರಿಗೆ ಮುಂದಿರೋದು ಬಿಳಿನೋ ಕಪ್ಪೋ ಗೊತ್ತಾಗಲ್ಲ, ಏನೇ ತೋರಿಸಿದ್ರೂ ಅದನ್ನ ಮಧ್ಯಮ ಬೂದು ಅಂದ್ಕೊಂಡೇ ಲೆಕ್ಕ ಹಾಕತ್ತೆ. ಹಾಗಾಗಿ ಬಿಳಿ ಗೋಡೆ ಮುಂದೆ ಬಿಳಿ ಶರ್ಟ್ ಹಾಕಿ ನಿಂತವರನ್ನ ಅದು ಹೇಳಿದಂಗೇ ತೆಗೆದ್ರೆ ಸುಮಾರು ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಅಂಡರ್ ಆಗಿ, ಅಂದ್ರೆ ಫಿಲ್ಮಿಗೆ ಬೆಳಕು ಕಮ್ಮಿಯಾಗಿ, ಬಿಳಿಯೆಲ್ಲ ಬೂದು ಬರತ್ತೆ, ಕಪ್ಪು ಕೋಟಾದ್ರೆ ಉಲ್ಟಾ, ಓವರ್ ಆಗಿ ಕಪ್ಪು ಬೆಳ್ಳಗಾಗತ್ತೆ. ಇನ್ಸಿಡೆಂಟಿಗೆ ಬಟ್ಟೆ ಬಣ್ಣದ ಗೊಡವೆನೇ ಇಲ್ಲ, ಬಿಳಿ ಬಿಳಿಯಾಗೇ ಬೀಳತ್ತೆ, ಕಪ್ಪು ಕಪ್ಪಾಗೇ. ಸ್ಲೈಡ್ ಫಿಲ್ಮಲ್ಲಿ (ನೆಗೆಟಿವ್ ಬದಲು ನೇರವಾಗಿ ಪಾಸಿಟಿವ್ ಚಿತ್ರ ಬರೋ ಫಿಲ್ಮ್) ಅರ್ಧ ಸ್ಟಾಪ್ ತಪ್ಪಿದ್ರೂ ಕಣ್ಣಿಗೆ ಹೊಡೆಯತ್ತೆ, ಅಲ್ಲಂತೂ ಇದರ ಬೆಲೆ ಚೆನ್ನಾಗಿ ಗೊತ್ತಾಗತ್ತೆ.

ತಗೊಳ್ಳೋ ಕ್ರಮ ಸುಲಭ. ಮೀಟರಲ್ಲಿ ಐಎಸ್‌ಓ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸಂಖ್ಯೆ) ಸೆಟ್ ಮಾಡಿ, ಮೀಟರಿನ ಬಿಳಿ ಗುಮ್ಮಟವನ್ನ ಫೋಟೋ ತೆಗೆಸ್ಕೊಳ್ಳೋರ ಮುಖದ ಹತ್ರ ಹಿಡಿದು ಕ್ಯಾಮೆರಾ ಕಡೆ ತಿರುಗಿಸಿ, ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಗುಮ್ಮಟ ಅರ್ಧಗೋಳ ಆಗಿರೋದಕ್ಕೂ ಕಾರಣ ಇದೆ, ಮುಖದ ಥರಾನೇ ಮುಂದಿಂದ, ಪಕ್ಕದಿಂದ, ಮೇಲಿಂದ ಬರೋ ಬೆಳಕನ್ನೆಲ್ಲ ಅದು ಒಟ್ಟಿಗೆ ಹಿಡಿಯತ್ತೆ. ಈ ಐಡಿಯಾ ಡಾನ್ ನಾರ್ವುಡ್ ಅವರದು, ಇವತ್ತಿಗೂ ಜನ ಹುಡುಕಿ ತಗೊಳ್ಳೋ ಸೆಕೋನಿಕ್ ಎಲ್-398 ಮೀಟರ್ ಅದೇ ವಂಶದ್ದು.

ದೂರದ ಬೆಟ್ಟಕ್ಕೆ ಹತ್ರ ಹೋಗಕ್ಕಾಗಲ್ಲ ನಿಜ, ಆದ್ರೆ ನೀವಿರೋ ಕಡೆಯೂ ಅದೇ ಬಿಸಿಲಿದ್ರೆ ನಿಂತಲ್ಲೇ ಅಳೆದ್ರೆ ಸಾಕು. ಬೆಟ್ಟ ಬಿಸಿಲಲ್ಲಿದ್ದು ನೀವು ಮರದ ನೆರಳಲ್ಲಿದ್ರೆ ಆ ರೀಡಿಂಗ್ ಉಪಯೋಗಕ್ಕೆ ಬರಲ್ಲ. ನಿಯಾನ್ ಬೋರ್ಡು, ಸೂರ್ಯಾಸ್ತದ ಆಕಾಶ, ಹೀಗೆ ತಾನೇ ಬೆಳಗೋದಕ್ಕೆ ಇನ್ಸಿಡೆಂಟ್ ಬೇಡವೇ ಬೇಡ, ಚಿಕ್ಕ ಜಾಗದಿಂದ ಬರೋ ಬೆಳಕನ್ನಷ್ಟೇ ಅಳೆಯೋ ಸ್ಪಾಟ್ ಮೀಟರ್ ಬಳಸಿ. ಲೆನ್ಸ್ ಮುಂದೆ ಹಾಕಿರೋ ಫಿಲ್ಟರ್ ಕೂಡ ಕೈಯಲ್ಲಿರೋ ಮೀಟರಿಗೆ ಗೊತ್ತಿರಲ್ಲ, ಕೆಂಪು ಫಿಲ್ಟರಿಗೆ ಸುಮಾರು ಮೂರು ಸ್ಟಾಪ್ ನೀವೇ ಸೇರಿಸ್ಕೋಬೇಕು.

ಹಳೆ ಮೀಟರ್ ಕೊಳ್ಳೋದಾದ್ರೆ ಸೆಲೆನಿಯಂ ಸೆಲ್ ಇರೋದಕ್ಕೆ ಬ್ಯಾಟರಿ ಬೇಡ, ಆದ್ರೆ ಸೆಲ್ ವಯಸ್ಸಾದಂಗೆ ಬಲ ಕಳ್ಕೊಳ್ಳತ್ತೆ. ಗಾಸನ್ ಲುನಾಸಿಕ್ಸ್ 3 ಥರದ್ದು 1.35 ವೋಲ್ಟಿನ ಮರ್ಕ್ಯುರಿ ಬ್ಯಾಟರಿಗೆ ಮಾಡಿದ್ದು, ಅದಕ್ಕೆ ಈಗಿನ 1.5 ವೋಲ್ಟ್ ಹಾಕಿದ್ರೆ ರೀಡಿಂಗ್ ತಪ್ಪು ಬರತ್ತೆ. ಪರೀಕ್ಷೆ ಮಾಡೋಕೆ ಮೋಡ ಇಲ್ಲದ ಬಿಸಿಲಲ್ಲಿ ಐಎಸ್‌ಓ 100 ಇಟ್ಟು ಗುಮ್ಮಟಕ್ಕೆ ನೇರ ಬಿಸಿಲು ಬೀಳೋ ಹಾಗೆ ಹಿಡೀರಿ, ಎಫ್/16 ಅಪರ್ಚರಿಗೆ (ಲೆನ್ಸ್ ರಂಧ್ರದ ಅಳತೆ) 1/125 ಸೆಕೆಂಡ್ ಶಟರ್ ಹತ್ರ ತೋರಿಸಬೇಕು. ಆಮೇಲೆ ಮನೆಯೊಳಗೆ ಸರಿಯಾಗಿರೋ ಇನ್ನೊಂದು ಮೀಟರ್ ಜೊತೆ ಹೋಲಿಸಿ. ಎರಡೂ ಕಡೆ ಒಂದೇ ಅಳತೆಯ ತಪ್ಪಿದ್ರೆ ಐಎಸ್‌ಓ ಡಯಲ್ಲಲ್ಲೇ ಸರಿ ಮಾಡ್ಕೋಬಹುದು, ಒಂದೊಂದು ಬೆಳಕಲ್ಲಿ ಒಂದೊಂದು ಥರ ತಪ್ಪಿದ್ರೆ ಅದನ್ನ ಕೊಳ್ಳಬೇಡಿ.