ಸೊಟ್ಟ ಗೋಪುರದ ಸಂತೆ ಊರು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಚೆಸ್ಟರ್‌ಫೀಲ್ಡ್ ಅಂತ ಒಂದು ಊರಿದೆ. ರೈಲು ಊರಿಗೆ ಹತ್ತಿರವಾದಂತೆ ಕಿಟಕಿಯಲ್ಲಿ ಚರ್ಚಿನ ಚೂಪು ಗೋಪುರ ಕಾಣುತ್ತದೆ. ಮೊದಲ ಸಲ ನೋಡುವವರು ಕಣ್ಣುಜ್ಜಿಕೊಳ್ಳಬೇಕು. ಹಿಂಡಿದ ಒದ್ದೆ ಬಟ್ಟೆಯ ಹಾಗೆ ಅದು ಸುಮಾರು 45 ಡಿಗ್ರಿ ತಿರುಚಿಕೊಂಡಿದೆ. ಸಾಲದ್ದಕ್ಕೆ ತುದಿ ನಡುಗೆರೆಯಿಂದ ಒಂಬತ್ತೂವರೆ ಅಡಿ ಪಕ್ಕಕ್ಕೆ ವಾಲಿದೆ. ಎತ್ತರ 228 ಅಡಿ.

ಗೋಪುರಕ್ಕಿಂತ ಊರು ಹಳೆಯದು. ಇಲ್ಲಿ ರೋಮನ್ನರ ಕೋಟೆಯಿತ್ತು. ಹೆಸರಿನ ‘ಚೆಸ್ಟರ್’ ಅದರದೇ ಗುರುತು; ಕೋಟೆ ಪಕ್ಕದ ಬಯಲು ಅಂತ ಅರ್ಥ. 1204ರಲ್ಲಿ ದೊರೆ ಜಾನ್ ಊರನ್ನು ತನ್ನ ಆಪ್ತ ಅಧಿಕಾರಿ ವಿಲಿಯಂ ಬ್ರೂವರ್‌ಗೆ ಕೊಟ್ಟ, ಸಂತೆ ನಡೆಸುವ ಹಕ್ಕುಪತ್ರವೂ ಜೊತೆಗೆ ಸಿಕ್ಕಿತು. ಆ ಕಾಲದಲ್ಲಿ ಯಾರು ಬೇಕಾದರೂ ಸಂತೆ ಕಟ್ಟುವ ಹಾಗಿರಲಿಲ್ಲ. ಹಕ್ಕು ಇದ್ದವನಿಗೇ ಸುಂಕ, ಅಂದರೆ ಅವನಿಗೇ ದುಡ್ಡು. ಇಂದಿಗೂ ಸಾಲ್ಟರ್‌ಗೇಟ್, ನೈಫ್‌ಸ್ಮಿತ್‌ಗೇಟ್ ಎಂಬ ಬೀದಿಗಳಿವೆ. ಒಂದರಲ್ಲಿ ಉಪ್ಪಿನವರು, ಇನ್ನೊಂದರಲ್ಲಿ ಚಾಕು ಮಾಡುವವರು. ಇಲ್ಲಿನ ‘ಗೇಟ್’ ಬಾಗಿಲಲ್ಲ. ಸ್ಕ್ಯಾಂಡಿನೇವಿಯಾದಿಂದ ಬಂದವರ ಮಾತಲ್ಲಿ ಬೀದಿ.

ಸರಿ, ಗೋಪುರ ಸೊಟ್ಟಗಾದದ್ದು ಯಾಕೆ? ಜನ ಹೇಳುವ ಕಥೆ ಬೇರೆ. ಪಕ್ಕದ ಬೋಲ್ಸೋವರ್‌ನ ಕಮ್ಮಾರ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ಮಾಂಸಕ್ಕೆ ಇಳಿಯಿತಂತೆ. ನೋವಿಗೆ ಹಾರಿದ ಸೈತಾನ ಗೋಪುರಕ್ಕೆ ಒದ್ದನಂತೆ. ಇನ್ನೊಂದು ಕಥೆಯಲ್ಲಿ ಮದುವೆಯಾಗಲು ಬಂದ ಹೆಣ್ಣು ಗಂಡಿನ ಸಂಗ ಕಾಣದ ಕನ್ಯೆ ಅಂತ ತಿಳಿದು ಗೋಪುರ ಬೆರಗಾಗಿ ತಿರುಗಿ ನೋಡಿತಂತೆ. ಅಂಥವಳು ಇನ್ನೊಬ್ಬಳು ಬಂದರೆ ನೆಟ್ಟಗಾಗುತ್ತದಂತೆ. ಊರಿನವರೇ ತಮ್ಮನ್ನು ಗೇಲಿ ಮಾಡಿಕೊಳ್ಳುವ ಈ ಕಥೆಯೇ ನನಗೆ ಜಾಸ್ತಿ ಇಷ್ಟ.

ನಿಜವಾದ ಕಾರಣ ಬಡಗಿಗಳಿಗೆ ಗೊತ್ತು. ಚರ್ಚು ಮುಗಿದದ್ದು 1360ರ ಸುಮಾರಿಗೆ. ಗೋಪುರದ ಒಳಗಿರುವುದು ಕಲ್ಲಲ್ಲ, ಓಕ್ ಮರ. ಹಸಿ ಓಕ್ ಉಳಿಗೆ ಮೆತ್ತಗೆ, ಒಣಗಿದರೆ ಕಬ್ಬಿಣ. ಹಾಗಾಗಿ ಹಸಿಯಾಗಿರುವಾಗಲೇ ಕೊಯ್ದು ಜೋಡಿಸುವುದು ಆಗಿನ ರೂಢಿ. ಆದರೆ ಹಸಿ ಮರ ಒಣಗುತ್ತಾ ಬಾಗುತ್ತದೆ. ಅದನ್ನು ಹಿಡಿದು ನಿಲ್ಲಿಸುವಷ್ಟು ಓರೆ ಆಸರೆಗಳನ್ನು ಇಲ್ಲಿ ಕೊಟ್ಟಿರಲಿಲ್ಲ. 1349ರ ಮಹಾ ಪ್ಲೇಗಿನಲ್ಲಿ ಪಳಗಿದ ಬಡಗಿಗಳೇ ಸತ್ತುಹೋಗಿದ್ದರು, ಅದಕ್ಕೇ ಹೀಗಾಯಿತು ಅನ್ನುವವರೂ ಇದ್ದಾರೆ. ಮೇಲಿನಿಂದ ಸುಮಾರು 33 ಟನ್ ಸೀಸದ ಹೊದಿಕೆ. ಬಿಸಿಲು ಬೀಳುವ ದಕ್ಷಿಣದ ಕಡೆ ಸೀಸ ಹೆಚ್ಚು ಹಿಗ್ಗುತ್ತದೆ, ಉತ್ತರದ ಕಡೆ ಕಡಿಮೆ. ಸೀಸದ ಪಟ್ಟಿಗಳನ್ನು ಓರೆಯಾಗಿ ಹಾಕಿರುವುದರಿಂದ ಇರುವ ತಿರುಚು ಕಣ್ಣಿಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

1961ರ ಡಿಸೆಂಬರಿನಲ್ಲಿ ಚರ್ಚಿಗೆ ಬೆಂಕಿ ಬಿದ್ದು, 18ನೇ ಶತಮಾನದ ಆರ್ಗನ್ ವಾದ್ಯ ಸುಟ್ಟುಹೋಯಿತು. ಬೆಂಕಿ ಗೋಪುರಕ್ಕೆ ಹತ್ತುವ ಮೊದಲೇ ಆರಿಸಿದರು. ಒಣ ಓಕ್, ಅದರ ಮೇಲೆ ಸೀಸ. ಹತ್ತಿದ್ದರೆ ಏನಾಗುತ್ತಿತ್ತು ನೀವೇ ಊಹಿಸಿ.

1970ರ ದಶಕದ ಗಂಡಾಂತರ ಬಂದದ್ದು ಸಂತೆಗೆ. ಸಂತೆ ಮೈದಾನದ ಮೇಲೇ ದೊಡ್ಡ ಶಾಪಿಂಗ್ ಸೆಂಟರ್ ಕಟ್ಟುವ ಯೋಜನೆ ತಯಾರಾಗಿತ್ತು. 1857ರ ಮಾರ್ಕೆಟ್ ಹಾಲ್ ಕೂಡ ಉಳಿಯುವುದು ಅನುಮಾನವಿತ್ತು. ಜನ ಸುಮ್ನೆ ಕೂರಲಿಲ್ಲ, ಯೋಜನೆ ಬಿದ್ದುಹೋಯಿತು. ಪಕ್ಕದ ಹಳೆಯ ಕಟ್ಟಡಗಳ ಮುಖ ಹಾಗೇ ಬಿಟ್ಟು ಹಿಂದೆ ಹೊಸ ಅಂಗಡಿಗಳನ್ನು ಕಟ್ಟಿದರು; 1981ರಲ್ಲಿ ಅದು ಪೇವ್‌ಮೆಂಟ್ಸ್ ಹೆಸರಲ್ಲಿ ಶುರುವಾಯಿತು. ಎದುರಿನ ಕಲ್ಲುಹಾಸಿನ ಮೇಲೆ ಇವತ್ತಿಗೂ ಸಂತೆ.

ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ‘ಸ್ಪೈರೈಟ್ಸ್’, ಗೋಪುರದವರು. ಸೊಟ್ಟಗಿರುವುದನ್ನು ಯಾರೂ ಮುಚ್ಚಿಡುವುದಿಲ್ಲ. ಆದರೆ ಇದೇ ಊರಲ್ಲಿ ಒಬ್ಬನಿಗೆ ನೆಟ್ಟಗಿರುವುದರ ಹುಚ್ಚಿತ್ತು. ರೈಲಿನ ಪಿತಾಮಹ ಅನ್ನಿಸಿಕೊಂಡ ಜಾರ್ಜ್ ಸ್ಟೀವನ್‌ಸನ್ ಕೊನೆಯ ವರ್ಷಗಳನ್ನು ಇಲ್ಲಿನ ಟ್ಯಾಪ್ಟನ್ ಹೌಸ್‌ನಲ್ಲಿ ಕಳೆದ. ತೋಟದ ಸೌತೆಕಾಯಿ ಡೊಂಕಾಗಿ ಬೆಳೆಯುತ್ತಿದ್ದುದು ಅವನಿಗೆ ಸಹಿಸಲಾಗಲಿಲ್ಲ. ಗಾಜಿನ ಕೊಳವೆಗಳನ್ನು ಮಾಡಿಸಿ, ಎಳೆಕಾಯಿಗಳನ್ನು ಅದರೊಳಗೆ ತೂರಿಸಿ, ನೆಟ್ಟಗೆ ಬೆಳೆಸಿದ. ಅವನು ತೀರಿಕೊಂಡದ್ದು 1848ರಲ್ಲಿ. ಸಮಾಧಿ ಹೋಲಿ ಟ್ರಿನಿಟಿ ಚರ್ಚಿನಲ್ಲಿದೆ, ಸೊಟ್ಟ ಗೋಪುರದ ಚರ್ಚಿನಲ್ಲಲ್ಲ.