ದಟ್ಟ ಸ್ತನ: ಹಾರ್ಮೋನಿನದ್ದೋ, ಹುಟ್ಟಿನದ್ದೋ?

ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ರಿಪೋರ್ಟ್‌ನ ಮೂಲೆಯಲ್ಲಿ ಎ, ಬಿ, ಸಿ, ಡಿ ಪೈಕಿ ಒಂದು ಅಕ್ಷರ ಇರುತ್ತದೆ. ಸ್ತನದಲ್ಲಿ ಕೊಬ್ಬು ಎಷ್ಟು, ಗ್ರಂಥಿ ಮತ್ತು ನಾರು ಎಷ್ಟು ಅಂತ ಹೇಳುವ ಗುರುತು ಅದು. ಎ ಅಂದರೆ ಬಹುತೇಕ ಕೊಬ್ಬೇ; ಡಿ ಕಡೆಗೆ ಹೋದಷ್ಟೂ ಗ್ರಂಥಿ, ನಾರು ಹೆಚ್ಚು, ಅಂದರೆ ಸ್ತನ ದಟ್ಟ, ಅದರ ಸಾಂದ್ರತೆ ಜಾಸ್ತಿ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿ ಬೆಳ್ಳಗೆ. ತೊಂದರೆ ಏನೆಂದರೆ ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಹಾಗಾಗಿ ಸಿ, ಡಿ ಬಂದವರಲ್ಲಿ ಅದು ಕಣ್ತಪ್ಪುವ ಸಾಧ್ಯತೆ ಜಾಸ್ತಿ. ಇನ್ನೂ ಮುಟ್ಟು ನಿಲ್ಲದ ಹೆಂಗಸರಲ್ಲಿ ಈ ಅಕ್ಷರಗಳು ಸಾಮಾನ್ಯ. ಯಾಕೆ ಹೀಗೆ ಅಂತ ಕೇಳಿದರೆ ಒಬ್ಬರು ಹಾರ್ಮೋನು ಅನ್ನುತ್ತಾರೆ, ಇನ್ನೊಬ್ಬರು ಜೀನ್ ಅನ್ನುತ್ತಾರೆ.

1913ರಲ್ಲಿ ಬರ್ಲಿನ್‌ನ ಸರ್ಜನ್ ಆಲ್ಬರ್ಟ್ ಸಾಲೊಮನ್ ಸ್ತನದ ಎಕ್ಸ್‌ರೇ ಶುರು ಮಾಡಿದರು. 1976ರಲ್ಲಿ ಡೆಟ್ರಾಯಿಟ್‌ನ ಜಾನ್ ವುಲ್ಫ್ ಆ ಬಿಳುಪಿನ ವಿನ್ಯಾಸ ನೋಡಿಯೇ ಅಪಾಯ ಅಂದಾಜು ಮಾಡಬಹುದು ಅಂದರು. ಮುಂದಿನ ಮೂವತ್ತು ವರ್ಷ ವಾದ, ಲೆಕ್ಕ. ಕೊನೆಗೆ 2006-07ರ ಹೊತ್ತಿಗೆ ಒಂದು ಮಾತು ನಿಂತಿತು: ಮುಕ್ಕಾಲು ಭಾಗಕ್ಕಿಂತ ಹೆಚ್ಚು ದಟ್ಟವಾಗಿರುವ ಸ್ತನದಲ್ಲಿ, ಬಹುತೇಕ ಕೊಬ್ಬೇ ಇರುವ ಸ್ತನಕ್ಕಿಂತ ಕ್ಯಾನ್ಸರ್ ಅಪಾಯ ನಾಲ್ಕು ಪಟ್ಟಿಗೂ ಮೇಲೆ.

ಹಾರ್ಮೋನಿನ ಕೈವಾಡ ಕಣ್ಣಿಗೇ ಕಾಣುವಂಥದ್ದು. ಮುಟ್ಟು ನಿಂತ ಮೇಲೆ ಸಾಂದ್ರತೆ ಇಳಿಯುತ್ತದೆ. ಆಗ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಹೆಣ್ಣು ಹಾರ್ಮೋನುಗಳು ಸೇರಿದ ಮಾತ್ರೆ ತೆಗೆದುಕೊಂಡರೆ ಮತ್ತೆ ಏರುತ್ತದೆ. ಈಸ್ಟ್ರೋಜೆನ್‌ಗೆ ಅಡ್ಡ ನಿಲ್ಲುವ ಟ್ಯಾಮೊಕ್ಸಿಫೆನ್ ಕೊಟ್ಟರೆ ಇಳಿಯುತ್ತದೆ.

ಜೀನ್ ಕಡೆಯ ಸಾಕ್ಷಿ ಬಂದದ್ದು 2002ರಲ್ಲಿ, ಅವಳಿ ಸೋದರಿಯರಿಂದ. ಟೊರೊಂಟೊದ ನಾರ್ಮನ್ ಬಾಯ್ಡ್ ಮತ್ತು ಜೊತೆಗಾರರು ಆಸ್ಟ್ರೇಲಿಯಾ ಹಾಗೂ ಉತ್ತರ ಅಮೆರಿಕದ ಅವಳಿಗಳ ಮ್ಯಾಮೊಗ್ರಾಂ ಹೋಲಿಸಿದರು. ಜೀನ್‌ಗಳೆಲ್ಲ ಒಂದೇ ಇರುವ, ಒಂದೇ ರೂಪದ ಅವಳಿಗಳ ಸಾಂದ್ರತೆ, ಬೇರೆ ರೂಪದ ಅವಳಿಗಳಿಗಿಂತ ಎಷ್ಟೋ ಹೆಚ್ಚು ಹೊಂದುತ್ತಿತ್ತು. ಹೆಂಗಸರ ನಡುವಿನ ವ್ಯತ್ಯಾಸದಲ್ಲಿ ಶೇ 60ಕ್ಕೂ ಹೆಚ್ಚು ಪಾಲು ಹುಟ್ಟಿನಿಂದ ಬಂದದ್ದು ಅಂತ ಲೆಕ್ಕ ಸಿಕ್ಕಿತು.

ಹಾಗಾದರೆ ಹಾರ್ಮೋನಿನ ಜೀನ್‌ಗಳನ್ನೇ ಹುಡುಕಿದರಾಯಿತು, ಅಲ್ವಾ? ಎಲ್ಲರಿಗೂ ಹಾಗೇ ಅನ್ನಿಸಿತು. ಸಿಒಎಂಟಿ ಜೀನ್ ತಗೊಳ್ಳಿ. ಈಸ್ಟ್ರೋಜೆನ್ ಒಡೆದಾಗ ಹುಟ್ಟುವ ಕೆಲವು ವಸ್ತುಗಳನ್ನು ನಿಷ್ಕ್ರಿಯ ಮಾಡುವ ಕಿಣ್ವವನ್ನು ಅದು ತಯಾರಿಸುತ್ತದೆ. ಅದರಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ, ವ್ಯಾಲೀನ್ ಜಾಗಕ್ಕೆ ಮಿಥಿಯೊನೀನ್ ಬಂದರೆ, ಕಿಣ್ವ ನಿಧಾನವಾಗುತ್ತದೆ. ಅಂಥವರ ಸ್ತನ ಹೆಚ್ಚು ದಟ್ಟವಾಗಿರಬೇಕು ಅನ್ನೋದು ಊಹೆ. ಹಾರ್ಮೋನು ತಯಾರಿಸುವ ಸಿವೈಪಿ17, ಅದನ್ನು ಹಿಡಿಯುವ ಈಸ್ಟ್ರೋಜೆನ್ ರಿಸೆಪ್ಟರ್‌ನ ಜೀನ್, ಹೀಗೆ ಒಂದಾದ ಮೇಲೊಂದು ಪರೀಕ್ಷೆಗೆ ಬಂದವು. ಒಂದು ಊರಿನ ಅಧ್ಯಯನದಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣಲಿಲ್ಲ. ಕೆಲವು ನೂರು ಹೆಂಗಸರನ್ನು ಇಟ್ಟುಕೊಂಡು ಅಷ್ಟು ಸಣ್ಣ ವ್ಯತ್ಯಾಸ ಹಿಡಿಯೋದು ಕಷ್ಟವೇ. ಮೇಲಾಗಿ ಮುಟ್ಟಾಗುವವರನ್ನೂ ಮುಟ್ಟು ನಿಂತವರನ್ನೂ ಎಷ್ಟೋ ಕಡೆ ಒಂದೇ ಲೆಕ್ಕದಲ್ಲಿ ಸೇರಿಸಲಾಯಿತು. ಹಾರ್ಮೋನು ತಿಂಗಳು ತಿಂಗಳೂ ಏರಿಳಿಯುವ ದೇಹಕ್ಕೂ, ಆ ಏರಿಳಿತ ನಿಂತ ದೇಹಕ್ಕೂ ಒಂದೇ ಅಳತೆ ಇಟ್ಟರೆ ಏನು ತಿಳಿದೀತು?

ಅದಕ್ಕೇ ನಾರ್ವೆಯ ಕೆಲಸ ನನಗೆ ಮುಖ್ಯ ಅನ್ನಿಸುತ್ತದೆ. ಅಲ್ಲಿ 25ರಿಂದ 35 ವರ್ಷದ ಹೆಂಗಸರು ಒಂದು ಪೂರ್ತಿ ಮುಟ್ಟಿನ ಚಕ್ರದಲ್ಲಿ ದಿನಾ ತಮ್ಮ ಎಂಜಲಿನ ಮಾದರಿ ಕೊಟ್ಟರು. ಹಾರ್ಮೋನು ದಿನದಿನಕ್ಕೆ ಹೇಗೆ ನಡೆಯುತ್ತದೆ ಅಂತ ನೋಡಿ, ಸಾಂದ್ರತೆ ಮತ್ತು ಜೀನ್‌ಗಳ ಜೊತೆ ಇಟ್ಟು ಹೋಲಿಸಿದರು. ಭಾಗವಹಿಸಿದವರು ಕಡಿಮೆ, ನಿಜ. ಆದರೆ ಪ್ರಶ್ನೆ ಕೇಳಿದ ರೀತಿ ಸರಿಯಾಗಿತ್ತು.

ಆಮೇಲೆ ದೊಡ್ಡ ಬಲೆ ಬೀಸುವ ಕಾಲ ಬಂತು. ಸಾವಿರಾರು ಹೆಂಗಸರ ಇಡೀ ಜೀನೋಮ್ (ಜೀನ್‌ಗಳ ಪೂರ್ತಿ ಗಂಟು) ಜಾಲಾಡಿದಾಗ 2014ರಲ್ಲಿ ಈಸ್ಟ್ರೋಜೆನ್ ರಿಸೆಪ್ಟರ್‌ನ ಇಎಸ್‌ಆರ್1 ಸಿಕ್ಕಿತು, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್1 ಸಿಕ್ಕಿತು. ಹಾರ್ಮೋನಿನ ಜೊತೆ ನೇರ ನಂಟು ಹೇಳಲಾಗದ ಝಡ್‌ಎನ್‌ಎಫ್365 ಕೂಡ ಪಟ್ಟಿಯಲ್ಲಿದೆ. ಒಂದೊಂದರ ಪರಿಣಾಮವೂ ಚಿಕ್ಕದು. ಅಧ್ಯಯನಕ್ಕೆ ಬಂದವರಲ್ಲಿ ಬಹುಪಾಲು ಯುರೋಪ್ ಮೂಲದವರು. ಮ್ಯಾಮೊಗ್ರಾಂ ತಪಾಸಣೆ ಸಾಮಾನ್ಯವಾಗಿ 40 ಅಥವಾ 50ಕ್ಕೆ ಶುರುವಾಗುವುದರಿಂದ ಅದಕ್ಕಿಂತ ಚಿಕ್ಕವರ ಚಿತ್ರಗಳೇ ಕಡಿಮೆ. ಭಾರತದಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಿರುವಾಗ ಈ ಕೊರತೆ ನಮಗೆ ಹೆಚ್ಚು ತಟ್ಟುತ್ತದೆ.

ಚಿಕಿತ್ಸೆಯ ಕಡೆ ಒಂದು ಒಳ್ಳೆ ಸುದ್ದಿ ಸ್ವೀಡನ್‌ನಿಂದ ಬಂದಿದೆ. ಮುಟ್ಟು ನಿಲ್ಲದ ಹೆಂಗಸರಲ್ಲಿ 20 ಮಿಲಿಗ್ರಾಂ ಟ್ಯಾಮೊಕ್ಸಿಫೆನ್ ಇಳಿಸುವಷ್ಟೇ ಸಾಂದ್ರತೆಯನ್ನು 2.5 ಮಿಲಿಗ್ರಾಂ ಕೂಡ ಇಳಿಸಿತು ಅಂತ 2021ರಲ್ಲಿ ಪ್ರಕಟವಾಯಿತು. ಅಷ್ಟಕ್ಕೇ ಕ್ಯಾನ್ಸರ್ ತಪ್ಪುತ್ತದೆ ಅಂತ ಅರ್ಥವಲ್ಲ.

ಸದ್ಯಕ್ಕೆ ಸಾಂದ್ರತೆ ತಿಳಿಯಲು ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ, ಮ್ಯಾಮೊಗ್ರಾಂ ಸಾಕು. ಕುಟುಂಬದಲ್ಲಿ ಕ್ಯಾನ್ಸರ್ ಇದ್ದವರಿಗೆ ಹೇಳುವ ಬಿಆರ್‌ಸಿಎ ಪರೀಕ್ಷೆ (ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್ ದೋಷ ಹುಡುಕುವ ಪರೀಕ್ಷೆ) ಬೇರೆಯೇ ವಿಷಯ. ಸಿ ಅಥವಾ ಡಿ ಬಂದಿದ್ದರೆ ಅಲ್ಟ್ರಾಸೌಂಡ್ ಬೇಕಾ, ಎಂಆರ್‌ಐ ಬೇಕಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ.