‘ಎಷ್ಟು ದಿನ ಡಾಕ್ಟ್ರೇ?’: ಅನ್ನನಾಳದ ಕ್ಯಾನ್ಸರ್ ಮತ್ತು ಜೀನ್‌ಗಳ ಭವಿಷ್ಯ

ಮೊದಲು ಅಕ್ಕಿರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ತಡೆಯುತ್ತದೆ. ಮಲೆನಾಡಿನಲ್ಲಿ ಅಷ್ಟರತನಕ ‘ಗ್ಯಾಸ್ಟ್ರಿಕ್’ ಎಂದೇ ದಿನ ದೂಡುವವರು ಕಮ್ಮಿಯಿಲ್ಲ. ಶಿವಮೊಗ್ಗದಲ್ಲಿ ಎಂಡೋಸ್ಕೋಪಿಯಾಗಿ ಬಯಾಪ್ಸಿ ವರದಿ ಬಂದಾಗ, ರೋಗಿಯನ್ನು ಹೊರಗೆ ಕೂರಿಸಿ ಮನೆಯವರು ಕೇಳುವುದು ಒಂದೇ: ‘ಎಷ್ಟು ದಿನ ಡಾಕ್ಟ್ರೇ?’

ಈ ಪ್ರಶ್ನೆಗೆ ಬಹುಕಾಲ ಉತ್ತರವೇ ಇರಲಿಲ್ಲ. 1913ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೋರೆಕ್ ಅನ್ನನಾಳದ ಗೆಡ್ಡೆಯನ್ನು ಎದೆಯೊಳಗಿಂದ ತೆಗೆದರು. ಆ ಮಹಿಳೆ ಕುತ್ತಿಗೆಯಿಂದ ಹೊಟ್ಟೆಗೆ ಹೊರಗಿನಿಂದ ಜೋಡಿಸಿದ ರಬ್ಬರ್ ಕೊಳವೆಯ ಮೂಲಕ ಉಣ್ಣುತ್ತ ಹತ್ತು ವರ್ಷಕ್ಕೂ ಹೆಚ್ಚು ಬದುಕಿದರು. 1940ರ ದಶಕದಲ್ಲಿ ಫ್ರಾನ್ಸಿನ ಪಿಯರ್ ದೆನ್ವಾ ಗೆಡ್ಡೆಯ ಆಳ, ದುಗ್ಧಗ್ರಂಥಿ, ದೂರದ ಹರಡುವಿಕೆ ಎಂಬ ಮೂರು ಲೆಕ್ಕಗಳ ‘ಟಿಎನ್‌ಎಂ’ ಪದ್ಧತಿ ಶುರುಮಾಡಿದರು. ಇವತ್ತಿಗೂ ಸ್ಟೇಜ್ ಹೇಳುವುದು ಅದರಿಂದಲೇ. ಆದರೆ ಒಂದೇ ಸ್ಟೇಜಿನ ಇಬ್ಬರಲ್ಲಿ ಒಬ್ಬರು ವರ್ಷದೊಳಗೆ ಹೋಗುತ್ತಾರೆ, ಇನ್ನೊಬ್ಬರು ಐದು ವರ್ಷವಾದರೂ ತೋಟ ಸುತ್ತುತ್ತಿರುತ್ತಾರೆ. ಯಾಕೆ?

ಜೀನ್‌ಗಳ ಕಡೆ ಕಣ್ಣು ಹೋದದ್ದು ಇಲ್ಲಿ. ದೇಹದ ಜೀವಕೋಶಗಳಲ್ಲಿ ಜೀನ್‌ಗಳು ಹೆಚ್ಚುಕಡಿಮೆ ಅವೇ; ಯಾವುದು ಎಷ್ಟು ಚುರುಕಾಗಿದೆ ಎಂಬುದರಲ್ಲಿ ವ್ಯತ್ಯಾಸ. ಆ ಚುರುಕನ್ನು, ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲಾದ ಆರ್‌ಎನ್‌ಎ ಪ್ರಮಾಣದಿಂದ ಅಳೆಯಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ 1995ರಲ್ಲಿ ರೂಪುಗೊಂಡ ಮೈಕ್ರೋಅರೇ ಎಂಬ ತಂತ್ರ, ಅನೇಕ ಜೀನ್‌ಗಳನ್ನು ಒಟ್ಟಿಗೇ ಅಳೆಯುವ ದಾರಿ ತೆರೆಯಿತು. 2002ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಸ್ತನ ಕ್ಯಾನ್ಸರಿನ ಮುಂದಿನ ಹಾದಿ ಅಂದಾಜಿಸಲು 70 ಜೀನ್‌ಗಳ ಪಟ್ಟಿ ಕೊಟ್ಟರು.

ಅನ್ನನಾಳದ ಸರದಿ 2010ರಲ್ಲಿ. ಕೇಂಬ್ರಿಜ್ ನೇತೃತ್ವದ ತಂಡ ನಾಲ್ಕೇ ಜೀನ್‌ಗಳನ್ನು ಆರಿಸಿತು: ಡಿಸಿಕೆ, ಪಿಎಪಿಎಸ್‌ಎಸ್2, ಎಸ್‌ಐಆರ್‌ಟಿ2, ಟಿಆರ್‌ಐಎಂ44. ನಾಲ್ಕರ ಚುರುಕೂ ಸರಿಯಿದ್ದವರಲ್ಲಿ ಐದು ವರ್ಷ ಬದುಕಿದವರು 58%. ಒಂದೆರಡು ಕೆಟ್ಟಿದ್ದರೆ 26%. ಮೂರು ಅಥವಾ ನಾಲ್ಕು ಕೆಟ್ಟಿದ್ದರೆ 14%.

ಅಂಕಿ ನೋಡಿ ಆಸೆ ಹುಟ್ಟುವುದು ಸಹಜ. ಆದರೆ ಅದು ಅಡಿನೋಕಾರ್ಸಿನೋಮದ, ಅಂದರೆ ಗ್ರಂಥಿಕೋಶಗಳ ಬಗೆಯ ಕ್ಯಾನ್ಸರಿನ ಪಟ್ಟಿ. ಆ್ಯಸಿಡ್ ಮೇಲೇರುವುದು, ಬೊಜ್ಜು ಇವುಗಳ ಜೊತೆ ಬರುವ, ಅನ್ನನಾಳದ ಕೆಳತುದಿಯ ಈ ಬಗೆ ಪಶ್ಚಿಮ ದೇಶಗಳಲ್ಲಿ ಹೆಚ್ಚು. ನಮ್ಮಲ್ಲಿ ಹೆಚ್ಚಿರುವುದು ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಬಗೆ. ಅದರ ಹಿಂದೆ ಬೀಡಿ, ಹೆಂಡ, ಹೊಗೆಸೊಪ್ಪಿನ ಕವಳ. ಅಡಿಕೆ ಬೆಳೆವ ಊರಲ್ಲಿ ಹೇಳಲು ಕಷ್ಟವಾದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಲೆಯ ಚಿಂತೆಗೂ ಗಂಟಲ ಚಿಂತೆಗೂ ನಾವು ಬೇರೆ ಬೇರೆ ಸಭೆ ಕರೆಯುತ್ತೇವೆ, ಅಷ್ಟೇ. 2017ರ ದೊಡ್ಡ ಜೀನೋಮ್ ಅಧ್ಯಯನವಂತೂ ಇವೆರಡೂ ಬೇರೆಯೇ ಕಾಯಿಲೆ ಎಂದು ತೋರಿಸಿತು: ಸ್ಕ್ವಾಮಸ್ ಬಾಯಿ-ಗಂಟಲಿನ ಕ್ಯಾನ್ಸರಿಗೆ ಹತ್ತಿರ, ಅಡಿನೋ ಜಠರದ ಕ್ಯಾನ್ಸರಿಗೆ.

ಪಟ್ಟಿಗಳ ಮೇಲೇ ಅನುಮಾನವೂ ಎದ್ದಿತ್ತು. 2005ರ ಮರುಪರಿಶೀಲನೆಯೊಂದರಲ್ಲಿ, ಅಧ್ಯಯನಕ್ಕೆ ಆರಿಸಿದ ರೋಗಿಗಳು ಬದಲಾದರೆ ಜೀನ್ ಪಟ್ಟಿಯೂ ಬದಲಾಗುವುದು ಕಂಡಿತು. 2011ರಲ್ಲಿ ಬ್ರಸೆಲ್ಸ್‌ನವರು, ಸ್ತನ ಕ್ಯಾನ್ಸರಿನಲ್ಲಿ ಕಣ್ಣುಮುಚ್ಚಿ ಆರಿಸಿದ ಜೀನ್‌ಗಳೂ ‘ಭವಿಷ್ಯ’ ಹೇಳುತ್ತವೆ ಎಂದು ತೋರಿಸಿದರು. ಕಾರಣ, ಕೋಶ ಎಷ್ಟು ಬೇಗ ಒಡೆದು ಹೆಚ್ಚುತ್ತಿದೆ ಎಂಬ ಸುಳಿವು ಅಷ್ಟೊಂದು ಜೀನ್‌ಗಳಲ್ಲಿ ಹರಡಿರುತ್ತದೆ.

ಈ ನಡುವೆ ಚಿಕಿತ್ಸೆಯೇ ಮುಂದೆ ಹೋಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋ-ರೇಡಿಯೇಶನ್ ಕೊಟ್ಟ ಡಚ್ಚರ ‘ಕ್ರಾಸ್’ ಪ್ರಯೋಗದಲ್ಲಿ (2012) ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ, ಬರೀ ಶಸ್ತ್ರಚಿಕಿತ್ಸೆಯ 24 ತಿಂಗಳಿಂದ 49 ತಿಂಗಳಿಗೇರಿತು. ಸ್ಕ್ವಾಮಸ್ ಬಗೆಯವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ತೆಗೆದ ಅನ್ನನಾಳದಲ್ಲಿ ಗೆಡ್ಡೆಯ ಕೋಶವೇ ಉಳಿದಿರಲಿಲ್ಲ. ಹಾಗಾಗಿ ಇಲ್ಲಿಯ ರೋಗಿಗೆ ನಾಲ್ಕು ಜೀನ್‌ಗಳ ಅಂಕಕ್ಕಿಂತ, ಚಿಕಿತ್ಸೆಗೆ ಗೆಡ್ಡೆ ಎಷ್ಟು ಕರಗಿತು ಎಂಬುದೇ ಹೆಚ್ಚು ತಿಳಿಸೀತು. ಕಾಯಿಲೆ ಹರಡಿದ್ದರೆ ಬಯಾಪ್ಸಿ ತುಣುಕಿನಲ್ಲಿ ಪಿಡಿ-ಎಲ್1 ಪ್ರೋಟೀನ್ ನೋಡಿಸಿ, ದೇಹದ ರೋಗನಿರೋಧಕ ಶಕ್ತಿಯನ್ನೇ ಗೆಡ್ಡೆಯ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಹಿಡಿಸೀತೇ ಎಂದು ಅಂದಾಜಿಸುತ್ತಾರೆ. ಈ ಪರೀಕ್ಷೆ ದಿನ ಎಣಿಸುವುದಕ್ಕಲ್ಲ, ಮದ್ದು ಆರಿಸುವುದಕ್ಕೆ.